ಎಪ್ಪತ್ತು ದಿನಗಳ ಹಿಮ ಮತ್ತು ಕಾಶ್ಮೀರದ ಹಳ್ಳಿಮನೆ

ಕಾಶ್ಮೀರದ ಹಿಮ ಎಂದೊಡನೆ ನಮಗೆ ನೆನಪಾಗುವುದು ಸಿನಿಮಾ ಹಾಡುಗಳು. ಆದರೆ ಅಲ್ಲಿನ ರೈತನಿಗೆ ಹಿಮವೆಂದರೆ ಬೇರೆಯೇ ಸಂಗತಿ. ಬೇಸಿಗೆಯಲ್ಲಿ ಗದ್ದೆಗೆ ನೀರಾಗಿ ಹರಿಯುವುದು ಅದೇ. ಚಳಿಗಾಲದಲ್ಲಿ ದಾರಿ ಮುಚ್ಚಿ ಮನೆಯೊಳಗೆ ಕೂಡಿಹಾಕುವುದೂ ಅದೇ. ಅದರೊಂದಿಗೆ ಬಾಳುವ ವಿದ್ಯೆಯನ್ನು ಆ ಕಣಿವೆಯ ಜನ ಶತಮಾನಗಳಿಂದ ರೂಢಿಸಿಕೊಂಡಿದ್ದಾರೆ.

ಅವರ ಚಳಿಗಾಲಕ್ಕೆ ತನ್ನದೇ ಪಂಚಾಂಗವಿದೆ. ಡಿಸೆಂಬರ್ 21ರಿಂದ 40 ದಿನ 'ಚಿಲ್ಲೆ ಕಲಾನ್', ಅನಂತರ 20 ದಿನ 'ಚಿಲ್ಲೆ ಖುರ್ದ್', ಕೊನೆಯ 10 ದಿನ 'ಚಿಲ್ಲೆ ಬಚ್ಚಾ'. ಪಾರ್ಸಿಯಲ್ಲಿ ಚಿಲ್ಲಾ ಎಂದರೆ ನಲವತ್ತು ದಿನಗಳ ಅವಧಿ. ಸೂಫಿಗಳ ಏಕಾಂತ ಸಾಧನೆಗೂ ಇದೇ ಹೆಸರು.

ಈ ಎಪ್ಪತ್ತು ದಿನಗಳ ಸಿದ್ಧತೆ ಬೇಸಿಗೆಯಲ್ಲೇ ಶುರುವಾಗುತ್ತದೆ. ಮನೆಯ ಹೆಂಗಸರು ಬದನೆ, ಸೋರೆ, ಟೊಮೆಟೊ, ಟರ್ನಿಪ್ ಹೆಚ್ಚಿ ಬಿಸಿಲಿಗೆ ಒಣಗಿಸುತ್ತಾರೆ, ಮೀನನ್ನೂ ಒಣಗಿಸಿಡುತ್ತಾರೆ. ಶರತ್ಕಾಲದಲ್ಲಿ ಉದುರಿದ ಚಿನಾರ್ ಎಲೆಗಳನ್ನು ಸುಟ್ಟು ಇದ್ದಿಲು ಮಾಡುತ್ತಾರೆ. ಅದು ಕಾಂಗ್ಡಿಗೆ ಬೇಕು. ಮಣ್ಣಿನ ಮಡಕೆಯ ಸುತ್ತ ಕಡ್ಡಿ ಹೆಣೆದ ಈ ಪುಟ್ಟ ಅಗ್ಗಿಷ್ಟಿಕೆಯನ್ನು ಫಿರನ್ ಎಂಬ ಸಡಿಲ ನಿಲುವಂಗಿಯ ಒಳಗೆ ಹಿಡಿದುಕೊಂಡೇ ಜನ ಓಡಾಡುತ್ತಾರೆ. ಈ ಬೆಚ್ಚನೆಗೂ ಬೆಲೆಯಿತ್ತು. ಕಾಂಗ್ಡಿಯ ಶಾಖ ಸದಾ ತಗಲಿದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವುದನ್ನು ಶ್ರೀನಗರದಲ್ಲಿದ್ದ ವೈದ್ಯ ಎಲ್ಮ್‌ಸ್ಲೀ 1866ರಲ್ಲೇ ಬರೆದಿಟ್ಟಿದ್ದಾರೆ.

ಹಳೆಯ ಹಳ್ಳಿಮನೆಯ ರಚನೆಯೂ ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಕೆಳಗೆ ದನಕುರಿಗಳು, ಅವುಗಳ ಮೈಶಾಖದ ಮೇಲೆ ಮನುಷ್ಯರ ವಾಸ, ಅಟ್ಟದಲ್ಲಿ ಹುಲ್ಲು ಮತ್ತು ಸೌದೆ. ಭೂರ್ಜ ಮರದ ತೊಗಟೆ ಹಾಸಿ ಮಣ್ಣು ಮುಚ್ಚಿದ ಮಾಡುಗಳ ಮೇಲಿನ ಹಿಮವನ್ನು ಮರದ ಸಲಿಕೆಯಿಂದ ಎಳೆದು ಹಾಕಬೇಕಿತ್ತು. ಇಳಿಜಾರಿನ ತಗಡಿನ ಮಾಡು ಬಂದ ಮೇಲೆ ಹಿಮ ತಾನೇ ಜಾರತೊಡಗಿತು. ಸೌದೆ ಕಡಿಮೆಯಿದ್ದವರಿಗೆ ಮಸೀದಿಯ ಹಮಾಮ್ ಆಸರೆ. ನೆಲದ ಕಲ್ಲುಚಪ್ಪಡಿಯ ಕೆಳಗೆ ಬೆಂಕಿ ಉರಿಯುತ್ತದೆ. ವುಝೂ ಮಾಡಲು ಬಿಸಿನೀರು, ವೃದ್ಧರಿಗೆ ಕುಳಿತುಕೊಳ್ಳಲು ಬೆಚ್ಚಗಿನ ಜಾಗ ಎರಡೂ ಅಲ್ಲಿ ಸಿಗುತ್ತವೆ.

ಆದರೆ ಕಣಜವೇ ಬರಿದಾಗಿದ್ದರೆ ಈ ಜಾಣ್ಮೆಯೆಲ್ಲ ವ್ಯರ್ಥ. 12ನೇ ಶತಮಾನದ ಕಲ್ಹಣ ತನ್ನ 'ರಾಜತರಂಗಿಣಿ'ಯಲ್ಲಿ ತುಂಜೀನ ರಾಜನ ಕಾಲದ ಕ್ಷಾಮವನ್ನು ವರ್ಣಿಸುತ್ತಾನೆ. ಭಾದ್ರಪದದಲ್ಲಿ, ಭತ್ತ ಮಾಗುವ ಹೊತ್ತಿಗೆ ಹಿಮ ಬಿದ್ದು ಬೆಳೆ ನಾಶವಾಗಿತ್ತು. 1877ರಲ್ಲಿ ಬೆಳೆ ಕೆಡಿಸಿದ್ದು ಶರತ್ಕಾಲದ ಮಳೆ. ಸರಕಾರದ ಪಾಲಿನ ಲೆಕ್ಕಾಚಾರದಿಂದ ಕೊಯ್ಲು ತಡವಾದದ್ದು ಆ ಕ್ಷಾಮವನ್ನು ಇನ್ನಷ್ಟು ಭೀಕರಗೊಳಿಸಿತು. ಅಂದರೆ ಕಾಲಕ್ಕೆ ಸರಿಯಾಗಿ ಬಂದ ಹಿಮಕ್ಕಿಂತ ಅಕಾಲದ ಹವೆ ಮತ್ತು ಕರುಣೆಯಿಲ್ಲದ ಆಡಳಿತ ಹೆಚ್ಚು ಅಪಾಯಕಾರಿ.

ಈ ಪಾಠ ಇಂದಿಗೂ ಹಳತಾಗಿಲ್ಲ. 1956ರಲ್ಲಿ ಬನಿಹಾಲ್‌ನ ಜವಾಹರ್ ಸುರಂಗ, 2025ರಲ್ಲಿ ಜಮ್ಮು ಕಡೆಯಿಂದ ಕಣಿವೆಗೆ ನೇರ ರೈಲುಮಾರ್ಗ ತೆರೆದವು. ಚಳಿಗಾಲದಲ್ಲೂ ತಾಜಾ ತರಕಾರಿ ಸಿಗುತ್ತದೆ. ಇದು ಸಂತೋಷದ ವಿಷಯವೇ. ಆದರೆ ದಾರಿ ಸುಧಾರಿಸಿದ ಮಾತ್ರಕ್ಕೆ ಬೆಟ್ಟದ ಹಳ್ಳಿ ಸುರಕ್ಷಿತವಾಗುವುದಿಲ್ಲ. 2005ರ ಫೆಬ್ರವರಿಯಲ್ಲಿ ದಕ್ಷಿಣ ಕಾಶ್ಮೀರದ ವಾಲ್ಟೆಂಗು ನಾಡ್‌ನಲ್ಲಿ ಹಿಮಕುಸಿತಕ್ಕೆ ಸಿಕ್ಕಿ 150ಕ್ಕೂ ಹೆಚ್ಚು ಜನ ಸತ್ತರು. 2018 ಮತ್ತು 2019ರ ನವೆಂಬರ್‌ನಲ್ಲಿ, ಎಲೆ ಉದುರುವ ಮೊದಲೇ ಬಿದ್ದ ಹಿಮದ ಭಾರಕ್ಕೆ ಸೇಬಿನ ಮರಗಳು ಸೀಳಿದವು. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳೇ ಹಿಮವಿಲ್ಲದೆ ಬೋಳಾಗಿದ್ದವು.

ಹಿಮ ಬಂದರೆ ಬಾಳುವುದು ಹೇಗೆಂದು ಹಿರಿಯರು ಕಲಿಸಿಹೋಗಿದ್ದಾರೆ. ಅದು ಹೊತ್ತಲ್ಲದ ಹೊತ್ತಿಗೆ ಬಂದರೆ, ಅಥವಾ ಬಾರದೇ ಹೋದರೆ ಏನು ಮಾಡಬೇಕು? ಈ ಪ್ರಶ್ನೆಗೆ ಒಂದು ಮನೆಯ ಅಟ್ಟದಲ್ಲಿ ಉತ್ತರವಿಲ್ಲ. ಅದನ್ನು ಸಮಾಜ ಮತ್ತು ಸರಕಾರ ಸೇರಿ ಹುಡುಕಬೇಕಾಗಿದೆ.