ಹಾಸನ ಸೀಮೆಯ ಯುದ್ಧಾವಶೇಷಗಳು

ಯುದ್ಧಾವಶೇಷಗಳೆಂದೊಡನೆ ನೆಲವನ್ನಗೆದು ತೆಗೆದ ಆಯುಧಗಳೇ ನೆನಪಿಗೆ ಬರುತ್ತವೆ. ಅಂತಹ ಶೋಧಗಳೂ ನಡೆದಿವೆ; 2018ರಲ್ಲಿ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಹೈದರ್-ಟಿಪ್ಪು ಕಾಲದ ಸಾವಿರಕ್ಕೂ ಮಿಕ್ಕ ಕಬ್ಬಿಣದ ರಾಕೆಟ್ಟುಗಳು ದೊರೆತುವು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಹಳೆಯ ಕಾಳಗಗಳ ಕುರುಹನ್ನು ಕಾಣಲು ಅಗೆಯಬೇಕಾಗಿಲ್ಲ. ಅವು ವೀರಗಲ್ಲುಗಳಾಗಿ ಕಣ್ಣೆದುರಿಗೇ ನಿಂತಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ: ಇದು ಸಾಮಾನ್ಯ ಕ್ರಮ. ಶಿಲ್ಪದ ಸೊಗಸನ್ನು ಅರಸುವವರು ಮೇಲಿನ ಪಟ್ಟಿಕೆಗಳನ್ನು ನೋಡುತ್ತಾರೆ. ಇತಿಹಾಸದ ವಿದ್ಯಾರ್ಥಿ ಕೆಳಗಿನದರ ಮುಂದೆ ಕುಳಿತುಕೊಳ್ಳಬೇಕು. ಕತ್ತಿಯ ಬಾಗು, ಗುರಾಣಿಯ ಆಕಾರ, ಬಿಲ್ಲನ್ನು ಹಿಡಿದ ರೀತಿ ಅಲ್ಲಿವೆ. ತುರುಗಳನ್ನು ಬಿಡಿಸಲು ಹೋಗಿ ಮಡಿದವನ ಕಾಳಗ ಅರಸರ ಪ್ರಶಸ್ತಿಗಳಲ್ಲಿ ಸಿಕ್ಕುವುದು ವಿರಳ.

1902ರಲ್ಲಿ ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಈ ಜಿಲ್ಲೆಯ ಶಾಸನಗಳನ್ನು ಊರು, ಸ್ಥಳಗಳ ಸಹಿತ ಪ್ರಕಟಿಸಿದರು. ಬರಹವಿಲ್ಲದ ಕಲ್ಲುಗಳು ಶಾಸನಸಂಪುಟಕ್ಕೆ ಸೇರುವಂತಿರಲಿಲ್ಲ. ಅಂತಹ ಕಲ್ಲನ್ನು ಸದುದ್ದೇಶದಿಂದಲೇ ಕಿತ್ತು ಕಾಲೇಜಿನ ಅಂಗಳಕ್ಕೆ ತಂದರೂ ಅದರ ಊರು ಕಳೆದುಹೋಗುತ್ತದೆ. ಕಲ್ಲು ನಿಂತ ಎಡೆಯೇ ರಣರಂಗವೆಂದು ನಾವು ಹೇಳುವುದಿಲ್ಲ. ದೇವಾಲಯದ ಮುಂದೆ, ಕೆರೆಯ ಏರಿಯ ಬಳಿಯೂ ಅವನ್ನು ನಿಲ್ಲಿಸುತ್ತಿದ್ದರು. ಆದರೂ ಸತ್ತವನು ಯಾವ ಊರಿನವನೆಂಬುದಕ್ಕೆ ಬರಹವಿಲ್ಲದೆಡೆ ಆ ಎಡೆಯೊಂದೇ ಸಾಕ್ಷಿ. ಆದುದರಿಂದ ನಮ್ಮ ವಿದ್ಯಾರ್ಥಿಗಳು ಊರಿನ ಹೆಸರು, ಕಲ್ಲು ಮುಖಮಾಡಿದ ದಿಕ್ಕು, ಅಳತೆ, ಛಾಯಾಚಿತ್ರ ಇಷ್ಟನ್ನು ಸಂಗ್ರಹಿಸಿ ತಂದರೆ ಸಾಕು. ಕಲ್ಲು ಅಲ್ಲಿಯೇ ಇರಲಿ.