ಜಪಾನಿನ ವಸಂತಕ್ಕೆ ಸೀನಿನ ಕಾಟ

ಫೆಬ್ರುವರಿ ಮಧ್ಯಭಾಗ ಬಂತೆಂದರೆ ಜಪಾನಿನ ಟೀವಿಗಳಲ್ಲಿ ಮಳೆ, ಬಿಸಿಲಿನ ವರ್ತಮಾನದ ಜೊತೆಗೆ ಇನ್ನೊಂದು ಮುನ್ಸೂಚನೆಯೂ ಶುರುವಾಗುತ್ತದೆ. ನಾಳೆ ಯಾವ ಊರಿನ ಗಾಳಿಯಲ್ಲಿ ಎಷ್ಟು ಪರಾಗ ಹಾರಾಡಲಿದೆ ಎಂಬ ಲೆಕ್ಕವದು. ನಾವು ಮೋಡ ನೋಡಿ ಕೊಡೆ ಹಿಡಿಯುವಂತೆ ಅಲ್ಲಿನವರು ಇದನ್ನು ಕೇಳಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಹೊರಡುತ್ತಾರೆ. ಚೆರ್ರಿ ಹೂವಿನ ಸೊಬಗು ಸವಿಯಲು ಹೋದ ಹೊರನಾಡಿನವರು ಕಣ್ಣು ಕೆಂಪಗೆ ಮಾಡಿಕೊಂಡು, ಮೂಗೊರೆಸಿಕೊಳ್ಳುತ್ತ ಮರದಡಿ ನಿಂತಿರುವುದೂ ಉಂಟು. ಪಾಪ, ಚೆರ್ರಿಯ ತಪ್ಪೇನಿಲ್ಲ. ಅದರ ಪರಾಗವನ್ನು ಸಾಗಿಸುವುದು ಕೀಟಗಳು. ಗಾಳಿಗೆ ಪರಾಗ ತೂರುವ ಅಪರಾಧಿ ಬೇರೆಯೇ ಇದೆ.

ಅದರ ಹೆಸರು ಸುಗಿ. ಕೇಳಲು ನಮ್ಮ ಸುಗ್ಗಿಯಂತಿದ್ದರೂ ಅದು ತರುವುದು ಸಂಭ್ರಮವನ್ನಲ್ಲ. ನೆಟ್ಟಗೆ ಕಂಬದಂತೆ ಬೆಳೆಯುವ ಈ ಸೂಚಿಪರ್ಣ ಮರ ಜಪಾನೀಯರಿಗೆ ಪವಿತ್ರ. ಡಾರ್ಜಿಲಿಂಗಿನ ಪ್ರವಾಸಿಗರು ನೋಡುವ ‘ಧೂಪಿ’ ಮರವೂ ಇದೇ. ನಿಕ್ಕೋ ಪಟ್ಟಣದಲ್ಲಿರುವ ತೊಕುಗಾವಾ ಇಯೆಯಾಸುವಿನ ಸಮಾಧಿ ಮಂದಿರದ ದಾರಿಯುದ್ದಕ್ಕೂ ಹದಿನೇಳನೆಯ ಶತಮಾನದಲ್ಲಿ ಮತ್ಸುದೈರಾ ಮಸತ್ಸುನಾ ಎಂಬ ಪಾಳೆಯಗಾರ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸುಗಿ ಸಸಿಗಳನ್ನು ನೆಡಿಸಿದ. ಸುಮಾರು 35 ಕಿಲೋಮೀಟರ್ ಉದ್ದದ ಆ ಸಾಲುಮರಗಳಲ್ಲಿ ಹನ್ನೆರಡು ಸಾವಿರದಷ್ಟು ಇಂದಿಗೂ ನಿಂತಿವೆ.

ಹಾಗಾದರೆ ಶತಮಾನಗಳ ಕಾಲ ಇಲ್ಲದ ಸೀನು ಈಗೆಲ್ಲಿಂದ ಬಂತು? ಉತ್ತರ ಎರಡನೆಯ ಮಹಾಯುದ್ಧದಲ್ಲಿದೆ. ಯುದ್ಧಕಾಲದಲ್ಲಿ ಸೌದೆಗೆ, ಆಮೇಲೆ ಸುಟ್ಟುಹೋದ ನಗರಗಳನ್ನು ಮತ್ತೆ ಕಟ್ಟುವುದಕ್ಕೆ ಎಂದು ಜಪಾನ್ ತನ್ನ ಗುಡ್ಡಗಳನ್ನು ಬೋಳಿಸಿತು. ಬೋಳು ಗುಡ್ಡಗಳಿಂದ ಪ್ರವಾಹ ಇಳಿದು ಬಂತು. ಸರ್ಕಾರ ಬೇಗ ಬೆಳೆಯುವ ಸುಗಿ ಮತ್ತು ಅದರ ಬಂಧು ಹಿನೊಕಿಯನ್ನು ಆರಿಸಿಕೊಂಡು, 1950 ಮತ್ತು 60ರ ದಶಕಗಳಲ್ಲಿ ಎಲ್ಲೆಂದರಲ್ಲಿ ನೆಡಿಸಿತು. ಮೂಲ ಕಾಡುಗಳನ್ನು ಕಡಿದು ನೆಟ್ಟದ್ದೂ ಇದೆ. ಆದರೆ 1964ರಲ್ಲಿ ಮರದ ಆಮದು ಮುಕ್ತವಾಯಿತು. ಅಗ್ಗದ ಹೊರನಾಡ ಮರ ಬಂದ ಮೇಲೆ ಕಡಿದಾದ ಗುಡ್ಡದ ಸುಗಿಯನ್ನು ಕಡಿದು ತರುವುದು ನಷ್ಟದ ಬಾಬತ್ತಾಯಿತು. ತೋಪುಗಳು ಹಾಗೆಯೇ ಉಳಿದವು. ಸುಗಿ ಭರಪೂರ ಪರಾಗ ಸುರಿಸತೊಡಗುವುದು ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ! ಇಂದು ಅಲ್ಲಿರುವ ಸುಗಿ ತೋಪುಗಳು ಸುಮಾರು 44 ಲಕ್ಷ ಹೆಕ್ಟೇರ್, ಅಂದರೆ ಕರ್ನಾಟಕದ ಹೆಚ್ಚುಕಡಿಮೆ ಕಾಲುಭಾಗ.

ಈ ರೋಗವನ್ನು ಮೊದಲು ವರದಿ ಮಾಡಿದ್ದು ಆ ಸಾಲುಮರಗಳ ನಿಕ್ಕೋ ಪ್ರದೇಶದಿಂದಲೇ, 1964ರಲ್ಲಿ; ಹೊರಿಗುಚಿ ಮತ್ತು ಸೈತೊ ಎಂಬ ವೈದ್ಯರು. ಕಿವಿ-ಮೂಗು-ಗಂಟಲು ತಜ್ಞರು ಮತ್ತು ಅವರ ಕುಟುಂಬದವರಲ್ಲಿ ನಡೆಸಿದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ಸುಗಿ ಅಲರ್ಜಿ ಇದ್ದವರು 1998ರಲ್ಲಿ ಶೇ 16.2, 2019ರಲ್ಲಿ ಶೇ 38.8.

ಸೀನಿನ ಒಳಗುಟ್ಟನ್ನು ಬಿಡಿಸಿದವರೂ ಜಪಾನೀಯರೇ, ಅದೂ ಪರದೇಶದಲ್ಲಿದ್ದುಕೊಂಡು! ಅಮೆರಿಕದ ಡೆನ್ವರ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಕಿಮಿಶಿಗೆ ಇಶಿಜಾಕಾ ಮತ್ತು ತೆರುಕೊ ಇಶಿಜಾಕಾ ದಂಪತಿ, ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗಕ್ಕೆ ಸೀನುವವರ ರಕ್ತದ್ರವವನ್ನು ಪರೀಕ್ಷಿಸಿ, 1966ರಲ್ಲಿ ‘ಐಜಿಇ’ ಎಂಬ ಪ್ರತಿಕಾಯವನ್ನು ಗುರುತಿಸಿದರು. ಪರಿಣಾಮ ತಿಳಿಯಲು ತಮ್ಮ ಚರ್ಮದ ಮೇಲೆಯೇ ಚುಚ್ಚಿಕೊಂಡು ನೋಡಿದವರು ಅವರು.

ಹೊರಗಿನಿಂದ ಬಂದವರು ಮೋಸಹೋಗುವುದು ಈ ಐಜಿಇಯಿಂದಲೇ. ಪರಿಚಯವಿಲ್ಲದ ಪರಾಗಕ್ಕೆ ದೇಹ ಮೊದಲ ವರ್ಷ ಸುಮ್ಮನಿರುತ್ತದೆ. ಒಂದೆರಡು ಋತು ಕಳೆಯುವಷ್ಟರಲ್ಲಿ ಒಳಗೊಳಗೇ ಪ್ರತಿಕಾಯ ಸಿದ್ಧವಾಗಿ, ಮೂರನೆಯದೋ ಐದನೆಯದೋ ವಸಂತದಲ್ಲಿ ಇದ್ದಕ್ಕಿದ್ದಂತೆ ಸೀನು ಹಿಡಿಯುತ್ತದೆ. ಟೋಕಿಯೋದ ನಿಶಿಕಸಾಯಿಯಲ್ಲಿ ನೆಲೆಸಿದ ಭಾರತೀಯ ಕಂಪ್ಯೂಟರ್ ಎಂಜಿನಿಯರುಗಳಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ. ಬೆಂಗಳೂರಿನಲ್ಲಿ ಕಾಂಗ್ರೆಸ್ ಗಿಡಕ್ಕೆ ಸೀನುತ್ತಿದ್ದವರು ಅಲ್ಲಿ ಕೆಲಕಾಲ ನಿರಾಳವಾಗಿದ್ದು, ಇನ್ನು ತೊಂದರೆಯಿಲ್ಲ ಎಂದುಕೊಳ್ಳುವ ಹೊತ್ತಿಗೆ ಸುಗಿಯ ಕೈಗೆ ಸಿಕ್ಕಬಹುದು. ನೆಗಡಿಯೆಂದು ಕಷಾಯ ಕುಡಿಯುತ್ತ ಕೂತರೆ ಇದು ಇಳಿಯದು. ಜ್ವರವಿಲ್ಲದೆ, ಕಣ್ಣು ತುರಿಸುತ್ತ, ವಾರಗಟ್ಟಲೆ ಮೂಗು ಸೋರಿದರೆ ಅಲರ್ಜಿಯನ್ನು ಶಂಕಿಸಬೇಕು.

ಅಲ್ಲಿನವರ ಉಪಾಯಗಳು ಸರಳ. ಬಟ್ಟೆಯನ್ನು ಮನೆಯೊಳಗೇ ಒಣಗಿಸುವುದು, ಬಾಗಿಲಲ್ಲೇ ಕೋಟು ಕೊಡವುವುದು, ಕಣ್ಣಿಗೆ ಅಂಚು ಮುಚ್ಚುವ ಕನ್ನಡಕ. ಪರಾಗ ಹಾರುವ ಮುನ್ನವೇ ಮಾತ್ರೆ, ಮೂಗಿನ ಸ್ಪ್ರೇ ಶುರುಮಾಡುವುದು ವೈದ್ಯರ ಸಲಹೆ. ಸುಗಿಯ ಸಾರವನ್ನೇ ನಾಲಗೆಯಡಿ ಇಟ್ಟು ದೇಹವನ್ನು ಪಳಗಿಸುವ ಚಿಕಿತ್ಸೆಗೆ 2014ರಿಂದ ವಿಮೆಯಿದೆ. ಆದರೆ ಮೂರು ವರ್ಷವಾದರೂ ದಿನಾ ತೆಗೆದುಕೊಳ್ಳಬೇಕು. ಎರಡು ವರ್ಷದ ಕೆಲಸಕ್ಕೆಂದು ಹೋದವರಿಗೆ ಇದು ಹೊಂದಿಬರುವುದು ಕಷ್ಟ. ಊರಿನಿಂದ ಮಾತ್ರೆ ಒಯ್ದರಾಯಿತೆನ್ನುವವರು ಪಟ್ಟಿಯ ಮೇಲಿನ ಅಕ್ಷರ ಓದಿಕೊಳ್ಳಬೇಕು. ಮೂಗು ಬಿಡಿಸುವ ಸ್ಯೂಡೊಎಫೆಡ್ರಿನ್ ಶೇ 10ಕ್ಕಿಂತ ಹೆಚ್ಚಿರುವ ಔಷಧವನ್ನು ಜಪಾನಿಗೆ ಒಯ್ಯುವುದು ನಿಷಿದ್ಧ.

ಸರ್ಕಾರಕ್ಕೂ ಈಗ ಎಚ್ಚರವಾಗಿದೆ. ಸುಗಿ ತೋಪುಗಳನ್ನು ಹತ್ತು ವರ್ಷದಲ್ಲಿ ಶೇ 20ರಷ್ಟು ತಗ್ಗಿಸಿ, ಮೂವತ್ತು ವರ್ಷದಲ್ಲಿ ಪರಾಗವನ್ನು ಅರ್ಧಕ್ಕಿಳಿಸುವ ಯೋಜನೆಯನ್ನು 2023ರಲ್ಲಿ ಪ್ರಕಟಿಸಲಾಯಿತು. ಕಡಿದಲ್ಲಿ ಪರಾಗ ಕಡಿಮೆ ಬಿಡುವ ಸುಗಿ ತಳಿಗಳನ್ನೂ ನೆಡಲಾಗುತ್ತಿದೆ. ಬೇರೆ ಮರವನ್ನೇ ನೆಡಬಹುದಲ್ಲ ಎಂದು ಕೇಳಿದರೆ, ಮನೆ ಕಟ್ಟಲು ಜಪಾನೀಯರಿಗೆ ಸುಗಿ ಹಲಗೆಯೂ ಬೇಕು!