ಕಲ್ಲಿನಲ್ಲಿ ಬರೆಯದ ಸಾವುಗಳು

ಶಿಕಾರಿಪುರ, ಸೊರಬ ಸೀಮೆಯ ಇತಿಹಾಸ ಓದುವವರಿಗೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7 ಮತ್ತು 8ನೆಯ ಸಂಪುಟಗಳು ಇಂದಿಗೂ ಮೊದಲ ಆಧಾರ. 1902 ಮತ್ತು 1904ರಲ್ಲಿ ಅಚ್ಚಾದ ಈ ಸಂಪುಟಗಳ ಸುತ್ತಲೇ ನನ್ನ ಪಿಎಚ್.ಡಿ. ಕೆಲಸ ನಡೆದಿದೆ. ತಾಳಗುಂದದ ಸ್ತಂಭಶಾಸನ ಕದಂಬರ ವಂಶವನ್ನು ತಂದೆಯಿಂದ ಮಗನಿಗೆ ಎಣಿಸುತ್ತ ಹೋಗುತ್ತದೆ. ವೀರಗಲ್ಲು ತುರು ಕಾದು ಸತ್ತವನನ್ನು ನೆನೆಯುತ್ತದೆ, ಮಾಸ್ತಿಗಲ್ಲು ಗಂಡನ ಚಿತೆಯೇರಿದವಳನ್ನು. ಹೊಟ್ಟೆಯಲ್ಲೇ ಹೋದ ಕೂಸಿಗೆ ಮಾತ್ರ, ನಾನು ನೋಡಿದ ಮಟ್ಟಿಗೆ, ಯಾವ ಕಲ್ಲೂ ಇಲ್ಲ.

ಆ ನೋವಿನ ಗುರುತು ನಮ್ಮ ಹೆಸರುಗಳಲ್ಲಿದೆ. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ, ತಿಪ್ಪಮ್ಮ ಎಂದು ಕರೆಯುವ ರೂಢಿಯಿತ್ತು. ಯಾರಿಗೂ ಬೇಡದ ಕೂಸೆಂದು ಸಾವೂ ಬಿಟ್ಟುಹೋಗಲಿ ಎಂಬ ಆಸೆ ಅದು. ಇತ್ತ 'ಕಾಶ್ಯಪ ಸಂಹಿತೆ' ಮಕ್ಕಳನ್ನು ಕಸಿಯುವ ಜಾತಹಾರಿಣಿಯ ಬಗ್ಗೆ ಹೇಳುವಾಗ, ಧರ್ಮ ತಪ್ಪಿದ ಹೆಂಗಸನ್ನೇ ಅವಳು ಹಿಡಿಯುತ್ತಾಳೆ ಎನ್ನುತ್ತದೆ. ಕೂಸು ಹೋದ ದುಃಖದ ಮೇಲೆ ತಪ್ಪಿನ ಹೊರೆಯೂ ತಾಯಿಯದೇ ಆಯಿತು.

ಈ ಸಾವುಗಳಲ್ಲಿ ಒಂದು ಬಗೆಯದಕ್ಕೆ ಕಾರಣ ತಿಳಿದದ್ದು ತೀರಾ ಈಚೆಗೆ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಗುರುತಿಸಿದ್ದರು. ಮುಂದೆ ನ್ಯೂಯಾರ್ಕಿನಲ್ಲಿ, ಸತ್ತ ಕೂಸನ್ನು ಹೆತ್ತ ತಾಯಿಯೊಬ್ಬಳಿಗೆ ಗಂಡನ ರಕ್ತ ಕೊಟ್ಟರು. ಇಬ್ಬರದೂ 'ಓ' ಗುಂಪು, ಆದರೂ ಆ ರಕ್ತ ಅವಳಿಗೆ ಒಗ್ಗಲಿಲ್ಲ. ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ 1939ರಲ್ಲಿ ಇದನ್ನು ಪ್ರಕಟಿಸಿದರು: ತಂದೆಯಿಂದ ಬಂದ ಯಾವುದೋ ಅಂಶ ಕೂಸಿನ ರಕ್ತದ ಮೂಲಕ ತಾಯಿಯ ಮೈ ಸೇರಿದೆ, ಅದರ ವಿರುದ್ಧ ಅವಳ ರಕ್ತ ಪ್ರತಿಕಾಯಗಳನ್ನು ಕಟ್ಟಿದೆ. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ವೀನರ್ ಆರ್‌ಎಚ್ ಅಂಶದ ಬಗ್ಗೆ ಬರೆದರು.

ತಾಯಿ ಆರ್‌ಎಚ್ ನೆಗೆಟಿವ್, ಕೂಸು ಪಾಸಿಟಿವ್ ಆಗಿದ್ದರೆ ಮೊದಲ ಬಸಿರು ಸಾಮಾನ್ಯವಾಗಿ ಸುಸೂತ್ರ. ಹೆರಿಗೆಯಲ್ಲಿ ಕೂಸಿನ ರಕ್ತ ತಾಯಿಗೆ ಸೇರಿದಾಗ ಪ್ರತಿಕಾಯಗಳು ಹುಟ್ಟುತ್ತವೆ. ಮುಂದಿನ ಪಾಸಿಟಿವ್ ಕೂಸಿನ ಕೆಂಪು ರಕ್ತಕಣಗಳನ್ನು ಅವು ಒಡೆಯುತ್ತವೆ. ಕೂಸಿಗೆ ರಕ್ತಹೀನತೆ, ಕಾಮಾಲೆ, ಮೈ ಊತ, ಕೆಲವೊಮ್ಮೆ ಬಸಿರಲ್ಲೇ ಸಾವು. ಚೊಚ್ಚಲು ಉಳಿದು ಮುಂದಿನವು ಸಾಲಾಗಿ ಹೋದ ಮನೆಗಳಲ್ಲಿ ಕೆಲವದರ ಹಿಂದೆ ಇದೇ ಇದ್ದಿರಬಹುದು. ಎಲ್ಲದರ ಹಿಂದೆಯೂ ಅಲ್ಲ. ಮಲೆನಾಡಿನಲ್ಲಿ ಮಲೇರಿಯಾ ಇತ್ತು, ಎಲ್ಲೆಡೆ ಸೋಂಕು, ಅಪೌಷ್ಟಿಕತೆ ಇದ್ದವು. ಭಾರತದಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ಸುಮಾರು 5%, ಯುರೋಪಿನ ಮೂಲದವರಲ್ಲಿ ಸುಮಾರು 15%.

1960ರ ದಶಕದಲ್ಲಿ ಲಿವರ್‌ಪೂಲ್ ಮತ್ತು ನ್ಯೂಯಾರ್ಕಿನ ಸಂಶೋಧಕರು ತಡೆಯುವ ದಾರಿ ಕಂಡುಕೊಂಡರು. ಆ್ಯಂಟಿ-ಡಿ ಚುಚ್ಚುಮದ್ದು 1968ರಿಂದ ಬಳಕೆಗೆ ಬಂತು. ಪಾಸಿಟಿವ್ ಕೂಸು ಹುಟ್ಟಿದ 72 ಗಂಟೆಯೊಳಗೆ ಕೊಟ್ಟರೆ, ತಾಯಿಯ ಮೈ ಪ್ರತಿಕಾಯ ಕಟ್ಟುವ ಮೊದಲೇ ಕೂಸಿನ ರಕ್ತಕಣಗಳು ತೆರವಾಗುತ್ತವೆ. 28ನೆಯ ವಾರದಲ್ಲೂ ಕೊಡುವುದುಂಟು. ಗರ್ಭಪಾತವಾದಾಗಲೂ ವೈದ್ಯರನ್ನು ಕೇಳಲೇಬೇಕು. ಪ್ರತಿಕಾಯ ಹುಟ್ಟಿಬಿಟ್ಟ ಮೇಲೆ ಈ ಮದ್ದು ಅದನ್ನು ಅಳಿಸಲಾರದು.

ಹೀಗಿದ್ದೂ ಗಂಡಹೆಂಡಿರದು ಒಂದೇ ಗುಂಪಾದರೆ ಮಕ್ಕಳಾಗುವುದಿಲ್ಲ ಎಂಬ ಮಾತು ಮದುವೆ ಮಾತುಕತೆಗಳಲ್ಲಿ ಈಗಲೂ ಕೇಳಿಸುತ್ತದೆ. ಅದಕ್ಕೆ ಆಧಾರವಿಲ್ಲ. ಇಬ್ಬರೂ ನೆಗೆಟಿವ್ ಆದರಂತೂ ಆರ್‌ಎಚ್ ತೊಡಕೇ ಇಲ್ಲ. ತಾಯಿ ನೆಗೆಟಿವ್, ತಂದೆ ಪಾಸಿಟಿವ್ ಇದ್ದರೂ ಮದುವೆ ತಪ್ಪಿಸಬೇಕಿಲ್ಲ, ಮದ್ದು ತಪ್ಪಿಸಬಾರದು ಅಷ್ಟೆ.

ಬಸುರಿಯ ರಕ್ತದ ಗುಂಪನ್ನು ಮೊದಲ ತಪಾಸಣೆಯಲ್ಲೇ ನೋಡಿ ಬರೆದಿಡುವುದು ಇಂದಿನ ಕ್ರಮ. ಆ ಎರಡಕ್ಷರದ ದಾಖಲೆಗೆ ದಾನಶಾಸನದ ಗತ್ತಿಲ್ಲ. ಆದರೆ ಜಾತಹಾರಿಣಿಯ ಮಾತು ಸಾವಿರ ವರ್ಷ ತಾಯಿಯ ಮೇಲೆ ಹೊರಿಸಿದ್ದ ತಪ್ಪನ್ನು ಅದು ಇಳಿಸುತ್ತದೆ.